ರೂಬಿ, ಕೆಂಪ ಮತ್ತು ನೀಲಗಿರಿಯ ತಂಪು

ಪ್ರಾಣಿ ಸಾಕಿದ ಮನೆಯಲ್ಲಿ ಯಾವ ಪ್ರವಾಸಕ್ಕೂ ಒಬ್ಬರು ಕಡಿಮೆ. ನೆಂಟರ ಮದುವೆಯಿರಲಿ, ಧರ್ಮಸ್ಥಳದ ಹರಕೆಯಿರಲಿ, ಬಾಗಿಲಿಗೆ ಬೀಗ ಜಡಿದು ಎಲ್ಲರೂ ಒಟ್ಟಿಗೆ ಹೊರಡುವಂತಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಹಾಗೆ ಉಳಿದುಕೊಳ್ಳುತ್ತಿದ್ದವರು ಅಮ್ಮ. 'ನೀವು ಹೋಗ್ಬನ್ನಿ, ಇವಕ್ಕೆ ಹೊತ್ತುಹೊತ್ತಿಗೆ ಹಾಕೋರು ಯಾರು?' ಎನ್ನುತ್ತಿದ್ದರು. ಆ ಮಾತಿನಲ್ಲಿ ಬೇಸರವೂ ಇರುತ್ತಿರಲಿಲ್ಲ, ತ್ಯಾಗ ಮಾಡಿದೆನೆಂಬ ಭಾರವೂ ಇರುತ್ತಿರಲಿಲ್ಲ. ಹಾಲಿಗೆ ಹೆಪ್ಪು ಹಾಕುವಷ್ಟೇ ಸಹಜವಾಗಿ ಅವರು ಆ ಕೆಲಸವನ್ನು ತಮ್ಮದೆಂದುಕೊಂಡಿದ್ದರು. ಮೈಸೂರಿನಿಂದ ಊಟಿಗೆ ಸುಮಾರು 125 ಕಿಲೋಮೀಟರ್. ನಮ್ಮ ಬೀದಿಯ ಪ್ರತಿ ಮನೆಯ ಆಲ್ಬಮ್ಮಿನಲ್ಲೂ ಊಟಿ ಕೆರೆಯ ದಡದಲ್ಲಿ ಸ್ವೆಟರ್ ತೊಟ್ಟು ನಿಂತ ಒಂದು ಫೋಟೊ ಇದ್ದೇ ಇತ್ತು. ಅಮ್ಮ ಮಾತ್ರ ಅರವತ್ತು ದಾಟಿದರೂ ಆ ಬೆಟ್ಟ ಹತ್ತಿರಲಿಲ್ಲ.

ಮನೆಯಲ್ಲಿ ಆಗ ಮೂರು ಪ್ರಾಣಿಗಳಿದ್ದವು. ಹಿರಿಯಳು ರೂಬಿ, ಬಿಳಿಯ ಉದ್ದಗೂದಲಿನ ಇಂಡಿಯನ್ ಸ್ಪಿಟ್ಜ್. ಒಂದು ಕಾಲಕ್ಕೆ ಮೈಸೂರು, ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಇದೇ ತಳಿ ತುಂಬಿತ್ತು. ಎಲ್ಲರೂ ಪೊಮೆರೇನಿಯನ್ ಎಂದೇ ಕರೆಯುತ್ತಿದ್ದರು. ಎರಡನೆಯವನು ಕೆಂಪ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮಳೆಯಲ್ಲಿ ತೊಯ್ದು ನಿಂತಿದ್ದ ಬೀದಿಮರಿ. ಮೂರನೆಯವಳು ಚಿನ್ನಿ ಎಂಬ ಬೆಕ್ಕು.

ವಯಸ್ಸಾಗುತ್ತ ಬಂದಂತೆ ರೂಬಿಗೆ ಬೇಸಿಗೆ ತಡೆಯುವುದು ಕಷ್ಟವಾಯಿತು. ನಾಯಿಗೆ ಮೈತುಂಬ ಬೆವರುವ ಅನುಕೂಲವಿಲ್ಲ. ಪಾದದ ಮೆತ್ತೆಗಳಲ್ಲಿ ಅಷ್ಟಿಷ್ಟು ಬೆವರುತ್ತದೆ, ಉಳಿದ ಬಿಸಿಯನ್ನೆಲ್ಲ ನಾಲಿಗೆ ಚಾಚಿ ಏದುತ್ತಲೇ ಹೊರಹಾಕಬೇಕು. ಅದರ ಸಹಜ ಮೈಬಿಸಿಯೇ 38ರಿಂದ 39 ಡಿಗ್ರಿ ಸೆಲ್ಸಿಯಸ್. 41ರ ಹತ್ತಿರ ಹೋದರೆ ಜೀವಕ್ಕೇ ಸಂಚಕಾರ. ಏಪ್ರಿಲ್ ಬಂತೆಂದರೆ ರೂಬಿ ಬಚ್ಚಲುಮನೆಯ ಕಲ್ಲುಹಾಸಿಗೆ ಹೊಟ್ಟೆ ಒತ್ತಿ ಮಲಗಿಬಿಡುತ್ತಿದ್ದಳು. ಅಮ್ಮ ಒದ್ದೆ ಟವೆಲ್ಲನ್ನು ಅವಳ ಹೊಟ್ಟೆಯಡಿ ಹಾಸಿ, ಮಧ್ಯಾಹ್ನದ ನಿದ್ದೆ ಬಿಟ್ಟು ಪಕ್ಕದಲ್ಲೇ ಕೂರುತ್ತಿದ್ದರು. ಅಂಥ ಒಂದು ಮಧ್ಯಾಹ್ನ ನನ್ನ ಗಂಡ, 'ಅತ್ತೆ, ಊಟಿಗೆ ಹೋಗೋಣ, ರೂಬಿನೂ ಬರಲಿ, ಕೆಂಪನೂ ಬರಲಿ, ನೀವೂ ಬನ್ನಿ' ಎಂದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಚಿನ್ನಿ?' ಎಂದರು.

ಚಿನ್ನಿಯನ್ನು ಮನೆಯಲ್ಲೇ ಬಿಡುವುದೆಂದು ತೀರ್ಮಾನವಾಯಿತು. ನಾಯಿ ಮನುಷ್ಯರನ್ನು ಹಚ್ಚಿಕೊಂಡರೆ ಬೆಕ್ಕು ಜಾಗವನ್ನು ಹಚ್ಚಿಕೊಳ್ಳುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಬರಿಯ ಮಾತಲ್ಲ. ತನ್ನ ವಾಸನೆ ಅಂಟಿದ ಗೋಡೆ, ಮೂಲೆ, ಕಿಟಕಿಯ ಕಟ್ಟೆ ಇವೇ ಬೆಕ್ಕಿನ ಧೈರ್ಯ. ಅವುಗಳಿಂದ ಕಿತ್ತು ಪೆಟ್ಟಿಗೆಯಲ್ಲಿ ಕೂರಿಸಿ ಘಾಟಿ ಹತ್ತಿಸಿದರೆ ಅದಕ್ಕೆ ಸಿಗುವುದು ಗಾಬರಿಯೊಂದೇ. ಎದುರುಮನೆಯ ಆಂಟಿ ಬೆಳಿಗ್ಗೆ ಸಂಜೆ ಬಂದು ಹಾಲನ್ನ ಹಾಕಿ, ಸ್ವಲ್ಪ ಹೊತ್ತು ಮಾತಾಡಿಸಿ ಹೋಗುವುದಾಗಿ ಒಪ್ಪಿಕೊಂಡರು. ಪ್ರೀತಿಯಿಂದ ಕರೆದೊಯ್ಯುವುದು ಎಷ್ಟು ನಿಜವೋ ಪ್ರೀತಿಯಿಂದಲೇ ಬಿಟ್ಟುಹೋಗುವುದೂ ಅಷ್ಟೇ ನಿಜ ಎನ್ನುವುದನ್ನು ಆ ಪ್ರವಾಸ ಹೊರಡುವ ಮೊದಲೇ ನನಗೆ ಕಲಿಸಿತು.

ಹೊರಡುವ ಮುನ್ನ ಎರಡೂ ನಾಯಿಗಳನ್ನು ಪಶುವೈದ್ಯರ ಬಳಿ ಕರೆದೊಯ್ದೆವು. ರೇಬಿಸ್ ಲಸಿಕೆ, ಡಿಸ್ಟೆಂಪರ್ ಮತ್ತು ಪಾರ್ವೊ ತಡೆಯುವ ಲಸಿಕೆಗಳ ತಾರೀಕು ನೋಡಿ, ಬಾಕಿಯಿದ್ದುದನ್ನು ಹಾಕಿ, ಪುಸ್ತಕದಲ್ಲಿ ಸಹಿ ಮಾಡಿಕೊಟ್ಟರು. ಹಿಂದಿನ ರಾತ್ರಿ ಹಗುರವಾಗಿ ಉಣಿಸಿ, ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕದೆ ನೀರು ಮಾತ್ರ ಕೊಡಿ. ಮನುಷ್ಯರ ವಾಂತಿ ಮಾತ್ರೆ ಕೊಡಬೇಡಿ, ಬೇಕಾದರೆ ನಾಯಿಗಳಿಗೆಂದೇ ಬರುವುದನ್ನು ತೂಕ ನೋಡಿ ನಾನು ಬರೆದುಕೊಡುತ್ತೇನೆ ಎಂದರು. ಕೊನೆಗೆ ಒಂದು ಮಾತು ಸೇರಿಸಿದರು: 'ನೀವು ಕಾಡು ದಾಟಿ ಹೋಗ್ತೀರಿ. ಲಸಿಕೆ ನಿಮ್ಮ ನಾಯಿಗಷ್ಟೇ ಅಂದ್ಕೋಬೇಡಿ.' ಆ ಮಾತಿನ ಅರ್ಥ ಬಂಡೀಪುರದಲ್ಲಿ ಬಿಡಿಸಿಕೊಂಡಿತು.

ಬೆಳಗಿನ ಜಾವ ಹೊರಟು ನಂಜನಗೂಡು ದಾಟಿ ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದೆವು. ಭರಣಿ ಮಳೆ ಆಗಷ್ಟೇ ಬಿದ್ದು ಹೊಲಗಳಲ್ಲಿ ಉಳುಮೆ ನಡೆದಿತ್ತು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. ಗೇಟು ತೆರೆದ ಕೂಡಲೇ ನಾವು ಒಳಹೊಕ್ಕೆವು. ಕಾಡಿನ ನಡುವೆ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ನಾಯಿಯಿದ್ದರಂತೂ ಕಿಟಕಿ ಇಳಿಸುವಂತೆಯೇ ಇಲ್ಲ. ಅದಕ್ಕೇ ರೂಬಿ, ಕೆಂಪ ಇಬ್ಬರಿಗೂ ಗುಂಡ್ಲುಪೇಟೆ ದಾಟಿದ ಮೇಲೆ ರಸ್ತೆ ಪಕ್ಕದ ಬಯಲಿನಲ್ಲಿ ಎಲ್ಲ ಮುಗಿಸಿಕೊಳ್ಳಲು ಬಿಟ್ಟು, ಕಿಟಕಿ ಏರಿಸಿಕೊಂಡು ಹೊರಟಿದ್ದೆವು.

ಕಾಡು ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಕೆಂಪನ ಮೈ ಬದಲಾಯಿತು. ಬೆನ್ನ ಮೇಲಿನ ಕೂದಲು ನಿಮಿರಿತು. ಮೂಗು ಕಿಟಕಿಯ ಸಂದಿಗೆ ಅಂಟಿತು. ವಾಸನೆ ಹಿಡಿಯುವ ಕೋಶಗಳು ಮನುಷ್ಯನ ಮೂಗಿನಲ್ಲಿ ಸುಮಾರು 50-60 ಲಕ್ಷವಿದ್ದರೆ ನಾಯಿಯ ಮೂಗಿನಲ್ಲಿ ಹತ್ತಾರು ಕೋಟಿ. ನಮಗೆ ಲಾಂಟಾನ ಪೊದೆ, ಬಿದಿರು, ಆಗತಾನೆ ಚಿಗುರಿದ ಹುಲ್ಲು ಇಷ್ಟೇ ಕಾಣುತ್ತಿದ್ದ ಜಾಗದಲ್ಲಿ ಅವನು ರಾತ್ರಿಯಿಡೀ ಯಾರು ಯಾರು ಓಡಾಡಿದರೆಂಬುದನ್ನು ಮೂಗಿನಲ್ಲೇ ತಿಳಿಯುತ್ತಿದ್ದ. ಅಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು, 'ಏನೋ ಇದೆ, ನಿಧಾನಕ್ಕೆ ಬಿಡಿ' ಎಂದರು ಅಳಿಯನಿಗೆ. ಒಂದು ತಿರುವು ಕಳೆದ ಮೇಲೆ ರಸ್ತೆಯಂಚಿನಲ್ಲಿ ಕಾಡುನಾಯಿಗಳು ಕಂಡವು. ಕೆಂಪು ಮೈ, ಕಪ್ಪು ಪೊದೆಬಾಲ. ಓಡಲಿಲ್ಲ, ಹೆದರಲಿಲ್ಲ, ಮರಿಗಳು ಮುಂದೆ ದಾಟಲಿ ಎಂದು ದೊಡ್ಡವು ಕಾದು ನಿಂತವು. ಕೆಂಪ ಬೊಗಳುತ್ತಾನೆಂದುಕೊಂಡಿದ್ದೆ. ಅವನು ಸದ್ದೇ ಇಲ್ಲದೆ ನಡುಗುತ್ತಿದ್ದ.

ಬಣ್ಣದಲ್ಲಿ ಇಬ್ಬರೂ ಒಂದೇ ಎನಿಸಿದರೂ ಕಾಡುನಾಯಿ ನಮ್ಮ ನಾಯಿಯ ಕುಲವೇ ಅಲ್ಲ. ಅದರ ಜಾತಿಯೇ ಬೇರೆ. ನಾಯಿಯ ಕೆಳದವಡೆಯಲ್ಲಿ ಒಂದೊಂದು ಬದಿಗೆ ಮೂರು ಹಿಂದಿನ ದವಡೆಹಲ್ಲುಗಳಿದ್ದರೆ ಅದಕ್ಕೆ ಎರಡೇ. ನಾಯಿಯ ಹಾಗೆ ಅದು ಬೊಗಳುವುದಿಲ್ಲ. ಸಿಳ್ಳೆ ಹಾಕಿ ಗುಂಪನ್ನು ಕೂಡಿಸಿಕೊಳ್ಳುತ್ತದೆ. ಎ.ಜೆ.ಟಿ. ಜಾನ್‌ಸಿಂಗ್ ಅವರು 1970ರ ದಶಕದಲ್ಲಿ ಇದೇ ಬಂಡೀಪುರದಲ್ಲಿ ಅವುಗಳ ಬದುಕನ್ನು ಅಧ್ಯಯನ ಮಾಡಿದರು. ನಮ್ಮವರೇ ಆದ ಕೃಪಾಕರ-ಸೇನಾನಿ ವರ್ಷಗಟ್ಟಲೆ ಇವುಗಳ ಹಿಂದೆ ಅಲೆದು ಸಾಕ್ಷ್ಯಚಿತ್ರ ಮಾಡಿದರು. ಜಗತ್ತಿನಲ್ಲಿ ಉಳಿದಿರುವ ಪ್ರೌಢ ಕಾಡುನಾಯಿಗಳು 949ರಿಂದ 2,215 ಎಂಬುದು ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆ ಐಯುಸಿಎನ್ 2015ರಲ್ಲಿ ಮಾಡಿದ ಅಂದಾಜು. ಇಷ್ಟು ಕಡಿಮೆಯಿರುವ ಪ್ರಾಣಿಗೆ ದೊಡ್ಡ ಅಪಾಯಗಳಲ್ಲೊಂದು ಸಾಕುನಾಯಿಯಿಂದ ಹರಡುವ ರೋಗ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ತಗುಲಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಸತ್ತವು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲೂ ಅದೇ ರೋಗ ಸಿಂಹಗಳನ್ನು ಕೊಂದಿತು. ಲಸಿಕೆಯಿಲ್ಲದ ನಾಯಿಯನ್ನು ಕಾಡಿನ ಅಂಚಿನಲ್ಲಿ ಇಳಿಸಿ, ಅದು ಮಾಡಿದ ಹೇಸಿಗೆಯನ್ನು ಅಲ್ಲೇ ಬಿಟ್ಟುಹೋದರೆ, ಆ ರಾತ್ರಿ ಅದನ್ನು ಮೂಸುವವರು ಈ ಮರಿಗಳೇ ಆಗಬಹುದು. ವೈದ್ಯರು ಹೇಳಿದ್ದು ಇದನ್ನೇ. ಕೆಂಪನಿಗೆ ಚುಚ್ಚಿದ ಸೂಜಿ ಯಾವುದೋ ಬಿದಿರುಮೆಳೆಯ ಮರಿಗಳನ್ನೂ ಕಾಯುತ್ತಿತ್ತು.

ಕೆಕ್ಕನಹಳ್ಳ ದಾಟಿದರೆ ತಮಿಳುನಾಡು, ಮುದುಮಲೆ. ತೆಪ್ಪಕಾಡಿನಲ್ಲಿ ಮೋಯಾರ್ ಹೊಳೆಯ ಬಳಿ ದಾರಿ ಎರಡಾಗುತ್ತದೆ. ಮಸಿನಗುಡಿ, ಕಲ್ಹಟ್ಟಿ ಮೇಲೆ ಹೋದರೆ ಹತ್ತಿರ, ಆದರೆ ಒಂದರ ಮೇಲೊಂದರಂತೆ 36 ಕಡಿದಾದ ತಿರುವುಗಳು. ಗೂಡಲೂರಿನ ಮೇಲೆ ಹೋದರೆ ದೂರ, ಆದರೆ ಏರು ಸೌಮ್ಯ. ರೂಬಿಯ ಹೊಟ್ಟೆಯನ್ನು ನೆನೆದು ನಾವು ಗೂಡಲೂರಿನ ದಾರಿ ಹಿಡಿದೆವು. ನಾಯಿಗೆ ಘಾಟಿಯಲ್ಲಿ ತಲೆ ತಿರುಗಿದರೆ ಮೊದಲು ಜೊಲ್ಲು ಸುರಿಯುತ್ತದೆ, ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತದೆ, ಆಕಳಿಸುತ್ತದೆ. ಅಷ್ಟರಲ್ಲಿ ನಿಲ್ಲಿಸಿ ಇಳಿಸಿಬಿಟ್ಟರೆ ವಾಂತಿ ತಪ್ಪುತ್ತದೆ. ಗೂಡಲೂರು ಕಳೆದ ಮೇಲೆ ನಡುವಟ್ಟದವರೆಗೆ ನಾವು ರೂಬಿಯ ತುಟಿ ನೋಡುತ್ತಲೇ ಏರಿದೆವು. ಅವಳು ಜೊಲ್ಲು ಸುರಿಸಿದಾಗ ನಿಂತೆವು, ಎದ್ದು ಬಾಲ ಅಲ್ಲಾಡಿಸಿದಾಗ ಹೊರಟೆವು. ಎಲ್ಲೆಲ್ಲೋ ನಿಂತಿದ್ದರಿಂದಲೇ ಅಮ್ಮನಿಗೆ ನಡುವಟ್ಟದ ಚಹಾತೋಟ ಕಂಡಿತು, ಇಳಿಜಾರಿನಲ್ಲಿ ಮೋಡ ಹತ್ತಿ ಬರುವುದು ಕಂಡಿತು. ಅವಸರದಲ್ಲಿ ಹೋಗಿದ್ದರೆ ಆ ಬೆಟ್ಟದ ಅರ್ಧವನ್ನೂ ಅವರು ನೋಡುತ್ತಿರಲಿಲ್ಲ.

ಪೈಕಾರ ದಾಟಿದ ಮೇಲೆ ವೆನ್‌ಲಾಕ್ ಡೌನ್ಸ್ ಎಂಬ ಹುಲ್ಲುಗುಡ್ಡಗಳು ಸಿಗುತ್ತವೆ. ಸಿನಿಮಾ ನೋಡಿದ ಎಲ್ಲರಿಗೂ ಪರಿಚಯದ ಜಾಗ. ಈ ತಂಪಿಗೆ ನಾಯಿಗಳನ್ನು ಕರೆತಂದವರಲ್ಲಿ ನಾವು ಮೊದಲಿಗರಲ್ಲ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟಕ್ಕೆ ಬಂದು, ಮುಂದಿನ ಕೆಲವೇ ವರ್ಷಗಳಲ್ಲಿ ಕಲ್ಲಿನ ಮನೆ ಕಟ್ಟಿ, ಕೆರೆ ಮಾಡಿಸಿದ ಮೇಲೆ ಮದರಾಸಿನ ಸೆಕೆ ತಾಳದ ಇಂಗ್ಲಿಷರೆಲ್ಲ ಇಲ್ಲಿಗೆ ಹತ್ತಿ ಬಂದರು. ಜತೆಗೆ ಅವರ ಬೇಟೆನಾಯಿಗಳೂ ಕಡಲು ದಾಟಿ ಬಂದವು. ಇದೇ ಹುಲ್ಲುಗುಡ್ಡಗಳ ಮೇಲೆ ಕುದುರೆಯೇರಿ, ನಾಯಿಗಳ ಹಿಂಡು ಬಿಟ್ಟು ಅವರು ನರಿ ಬೇಟೆಯಾಡಿದರು. ಊಟಿ ಹಂಟ್ ಎಂಬ ಹೆಸರಿನಲ್ಲಿ ಆ ಪದ್ಧತಿ ಬಹುಕಾಲ ನಡೆಯಿತು. ಊರಿನ ಸೆಕೆ ತಾಳದ ನಾಯಿಗಳಿಗೆ ಈ ಬೆಟ್ಟ ಸ್ವರ್ಗವಾಗಿತ್ತು, ಇಲ್ಲೇ ಹುಟ್ಟಿ ಬೆಳೆದ ನರಿಗಳಿಗೆ ಅದೇ ನಾಯಿಗಳು ಸಾವಾಗಿ ಬಂದವು. ಆ ಹುಲ್ಲಿನ ಮೇಲೆ ಹಗ್ಗ ಹಿಡಿದು ನಿಂತಾಗ ನನಗೆ ಅನಿಸಿದ್ದು ಇದು: ನಮ್ಮ ಪ್ರೀತಿಯ ಪ್ರಾಣಿಯನ್ನು ಇನ್ನೊಂದು ಪ್ರಾಣಿಯ ಮನೆಯಂಗಳಕ್ಕೆ ಕರೆತರುವಾಗ ಹಗ್ಗ ನಮ್ಮ ಕೈಯಲ್ಲೇ ಇರಬೇಕು.

ರೂಬಿ ಅಲ್ಲಿ ಮಾಡಿದ್ದನ್ನು ನಾನು ಎಂದಿಗೂ ಮರೆಯಲಾರೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ, ಮೈಸೂರಿಗಿಂತ ಸುಮಾರು ಒಂದೂವರೆ ಸಾವಿರ ಮೀಟರ್ ಮೇಲೆ. ಬಾಗಿಲು ತೆಗೆದೊಡನೆ ತಣ್ಣನೆಯ ಗಾಳಿ ಒಳನುಗ್ಗಿತು. ಅವಳು ಮೂತಿ ಎತ್ತಿ, ಕಣ್ಣು ಅರೆಮುಚ್ಚಿ, ಸ್ವಲ್ಪ ಹೊತ್ತು ಅಲುಗದೆ ನಿಂತಳು. ಏದುಸಿರು ನಿಂತಿತ್ತು. ತಿಂಗಳುಗಳ ಮೇಲೆ ಮೊದಲ ಸಲ ಅವಳ ಬಾಯಿ ಮುಚ್ಚಿದ್ದನ್ನು ನೋಡಿದೆವು. ಆಮೇಲೆ ಹುಲ್ಲಿನ ಮೇಲೆ ಬೆನ್ನು ಹಾಕಿ ಹೊರಳಿದಳು, ಎದ್ದಳು, ಮತ್ತೆ ಹೊರಳಿದಳು. ಎರಡು ಪದರದ ಆ ಕೂದಲು ಯಾವ ಹವೆಗೆ ಬೆಳೆದಿತ್ತೋ ಆ ಹವೆ ಅವಳಿಗೆ ಕೊನೆಗೂ ಸಿಕ್ಕಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, 'ಇಷ್ಟು ವರ್ಷ ಇವಳು ಏನು ಅನುಭವಿಸಿದಳೋ ನನಗೆ ಈಗ ಗೊತ್ತಾಯ್ತು' ಎಂದರು.

ಊರು ತಲುಪಿದ ಮೇಲೆ ಕಷ್ಟ ಎದುರಾಯಿತು. ನಾಯಿಗಳಿವೆ ಎಂದು ಫೋನಿನಲ್ಲೇ ತಿಳಿಸಿ, ಒಪ್ಪಿಗೆ ಪಡೆದಿದ್ದ ವಸತಿಗೃಹದವರು ಬಾಗಿಲಲ್ಲಿ ಕೆಂಪನನ್ನು ನೋಡಿ ಆಗುವುದಿಲ್ಲ ಎಂದರು. ರೂಬಿ ಬರಬಹುದಂತೆ, ಜಾತಿನಾಯಿ. ಬೀದಿನಾಯಿಗೆ ಒಳಗೆ ಜಾಗವಿಲ್ಲವಂತೆ. ಅಮ್ಮ ವಾದ ಮಾಡಲಿಲ್ಲ. 'ಇಬ್ಬರೂ ನಮ್ಮೋರೇ' ಎಂದಷ್ಟೇ ಹೇಳಿ ಗಾಡಿಯಲ್ಲಿ ಕೂತರು. ಕೊನೆಗೆ ಆಶ್ರಯ ಸಿಕ್ಕಿದ್ದು ಊಟಿಗೂ ಕೂನೂರಿಗೂ ನಡುವಿನ ಕೇತಿ ಕಣಿವೆಯಲ್ಲಿ, ಒಂದು ಬಡಗ ಕುಟುಂಬದ ಮನೆಯಲ್ಲಿ. ಮನೆಯ ಯಜಮಾನಿ ಅಮ್ಮನಿಗಿಂತ ಸ್ವಲ್ಪ ಹಿರಿಯರು. ಅವರ ಮಾತು ಬಡಗ, ಅಮ್ಮನದು ಮೈಸೂರಿನ ಕನ್ನಡ. ಅಕ್ಕಪಕ್ಕದ ಈ ಎರಡು ಮಾತುಗಳಲ್ಲಿ ಇಬ್ಬರೂ ಹಿತ್ತಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತ ಗಂಟೆಗಟ್ಟಲೆ ಹರಟಿದರು. ಅಮ್ಮ ಅವರನ್ನು 'ಅಕ್ಕಾ' ಎನ್ನುತ್ತಿದ್ದರು. ಪೂರ್ತಿ ಅರ್ಥವಾಗದಿದ್ದ ಕಡೆ ಕೈಸನ್ನೆ ಸಾಕಾಗುತ್ತಿತ್ತು.

ಮೊದಲ ಸಂಜೆಯೇ ಆ ಅಕ್ಕ ನಮಗೊಂದು ಕಟ್ಟಳೆ ಹಾಕಿದರು: ಹೊತ್ತು ಮುಳುಗುವ ಮೊದಲು ನಾಯಿಗಳು ಒಳಗಿರಬೇಕು, ಬೆಳಕು ಹರಿಯುವವರೆಗೆ ಬಾಗಿಲು ತೆಗೆಯಬಾರದು. ಅವರ ನಾಯಿಯನ್ನು ಹಿಂದಿನ ವರ್ಷ ಜಗಲಿಯಿಂದಲೇ ಚಿರತೆ ಒಯ್ದಿತ್ತಂತೆ. ನೀಲಗಿರಿಯಲ್ಲಿ ಇದು ಅಪರೂಪದ ಸುದ್ದಿಯಲ್ಲ. ಊಟಿ, ಕೂನೂರು, ಕೋತಗಿರಿಗಳಲ್ಲಿ ಚಹಾತೋಟಗಳು ಮನೆಯ ಹಿತ್ತಲಿಗೇ ಹತ್ತಿಕೊಂಡಿವೆ. ಎದೆಮಟ್ಟದ ಚಹಾಗಿಡಗಳ ಮರೆಯಲ್ಲಿ ಚಿರತೆ ಬಾಗಿಲವರೆಗೂ ಬರಬಲ್ಲದು. ಸುಲಭವಾಗಿ ಸಿಗುವ ನಾಯಿ ಅದಕ್ಕೆ ಆಹಾರ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ತೊಡಿಸುವುದು ಚಿರತೆ ಮೊದಲು ಬಾಯಿ ಹಾಕುವುದೇ ಕುತ್ತಿಗೆಗೆ ಎಂಬ ಕಾರಣಕ್ಕೆ. ಅಕ್ಕನ ಮಾತಿನಲ್ಲಿ ಚಿರತೆಯ ಮೇಲೆ ಸಿಟ್ಟಿರಲಿಲ್ಲ. ಅದಕ್ಕೂ ಮರಿಗಳಿವೆ, ನಮ್ಮದನ್ನು ನಾವು ಒಳಗಿಟ್ಟುಕೊಳ್ಳಬೇಕು ಎಂದರು. ತನ್ನ ನಾಯಿಯನ್ನು ಕಳೆದುಕೊಂಡವರು ಹೀಗೆ ಹೇಳಬಲ್ಲರೆಂದರೆ ಆ ಬೆಟ್ಟದ ಜನ ಕಾಡಿನ ಜತೆ ಎಷ್ಟು ಕಾಲದ ಒಪ್ಪಂದದಲ್ಲಿ ಬದುಕಿದ್ದಾರೆ ಎಂದು ಯೋಚಿಸುತ್ತಲೇ ಮಲಗಿದೆ.

ರಾತ್ರಿ ಚಳಿ ಇಳಿಯಿತು. ರೂಬಿ ಕಿಟಕಿಯ ಕೆಳಗಿನ ತಣ್ಣನೆಯ ನೆಲ ಹುಡುಕಿಕೊಂಡು ಗಾಢ ನಿದ್ದೆ ಹೋದಳು. ಕೆಂಪನದು ಬೇರೆಯದೇ ಪಾಡು. ಬಯಲುಸೀಮೆಯ ಬಿಸಿಲಿಗೆ ಹೊಂದಿದ ತೆಳುಗೂದಲಿನ ಮೈ ಅವನದು. ಮೂಗನ್ನು ಬಾಲದಡಿ ಹುದುಗಿಸಿ ಮುದುರಿದರೂ ನಡುಕ ನಿಲ್ಲಲಿಲ್ಲ. ಅಮ್ಮ ತಮ್ಮ ಸ್ವೆಟರಿನ ತೋಳುಗಳಲ್ಲಿ ಅವನ ಮುಂಗಾಲು ತೂರಿಸಿ, ಗುಂಡಿ ಬೆನ್ನ ಮೇಲೆ ಬರುವಂತೆ ಹಾಕಿ, ತಮ್ಮ ಕಂಬಳಿಯೊಳಗೇ ಎಳೆದುಕೊಂಡರು. ಒಬ್ಬಳಿಗೆ ಮದ್ದಾದ ತಂಪು ಇನ್ನೊಬ್ಬನಿಗೆ ಶಿಕ್ಷೆಯಾಗಿತ್ತು. ಪ್ರವಾಸಿತಾಣದ ಹವೆಯನ್ನು ನಾವು ಹಿತವೆಂದೋ ಕೊರೆತವೆಂದೋ ನಮ್ಮ ಚರ್ಮದಿಂದ ಅಳೆಯುತ್ತೇವೆ. ನಾಯಿಯ ಪಾಲಿಗೆ ಅದನ್ನು ನಿರ್ಧರಿಸುವುದು ಅದರ ಕೂದಲು, ವಯಸ್ಸು, ಕೀಲು, ಮೂತಿಯ ಉದ್ದ. ಗಿಡ್ಡಮೂತಿಯ ಪಗ್‌ಗೆ ಏರು ಹತ್ತುವಾಗಲೇ ಉಸಿರು ಕಟ್ಟುತ್ತದೆ. ಕೀಲುನೋವಿರುವ ಮುದಿನಾಯಿಗೆ ಚಳಿಯಲ್ಲಿ ಕಾಲು ಸೆಟೆದುಕೊಳ್ಳುತ್ತದೆ. ರೂಬಿಯೂ ಬೆಳಿಗ್ಗೆ ಏಳುವಾಗ ಹಿಂಗಾಲು ಕುಂಟುತ್ತಿದ್ದಳು. ಅಮ್ಮ ಬಿಸಿನೀರಿನ ಚೀಲ ಬಟ್ಟೆಯಲ್ಲಿ ಸುತ್ತಿ ಶಾಖ ಕೊಟ್ಟು, ಅದೇ ಚೀಲವನ್ನು ತಮ್ಮ ಮಂಡಿಗೂ ಇಟ್ಟುಕೊಳ್ಳುತ್ತಿದ್ದರು.

ಊಟಿ ನೋಡುವಾಗ ನಾವು ಸರದಿ ಮಾಡಿಕೊಂಡೆವು. 1848ರಲ್ಲಿ ರೂಪುಗೊಂಡ ಸರ್ಕಾರಿ ಸಸ್ಯೋದ್ಯಾನದೊಳಗೆ ನಾಯಿಗಳನ್ನು ಬಿಡುವುದಿಲ್ಲ, ಬಿಡದಿರುವುದೇ ಸರಿ. ಅಮ್ಮ ಮತ್ತು ನನ್ನ ಗಂಡ ಒಳಗೆ ಹೋದಾಗ ನಾನು ಹೊರಗೆ ಮರದಡಿ ನಾಯಿಗಳ ಜತೆ ಕೂತೆ; ಅವರು ಬಂದ ಮೇಲೆ ನಾನು ಹೋದೆ. ಪಕ್ಕದಲ್ಲಿ ನಿಂತ ಒಂದು ಕಾರಿನೊಳಗೆ ನಾಯಿಯೊಂದು ಗಾಜು ಕೆರೆಯುತ್ತಿತ್ತು. ತಂಪು ಊರಲ್ಲವೇ ಎಂದು ಮುಚ್ಚಿಟ್ಟು ಹೋಗಿದ್ದರು. ಬಿಸಿಲಲ್ಲಿ ನಿಂತ ಕಾರಿಗೆ ಊರಿನ ತಂಪು ಲೆಕ್ಕಕ್ಕಿಲ್ಲ: ಹೊರಗೆ 24 ಡಿಗ್ರಿಯಿದ್ದರೆ ಒಳಗೆ ಅರ್ಧ ಗಂಟೆಯಲ್ಲಿ 40 ದಾಟುತ್ತದೆ. ಕಾವಲಿನವರಿಗೆ ಹೇಳಿ, ಗಾಡಿಯ ನಂಬರ್ ಕೂಗಿಸಿ, ಮನೆಯವರು ಓಡಿಬಂದು ಬಾಗಿಲು ತೆಗೆಯುವವರೆಗೆ ಕೈಕಾಲು ಆಡಲಿಲ್ಲ. ಆ ಮನೆಯವರೂ ನಾಯಿಯನ್ನು ತುಂಬ ಪ್ರೀತಿಸುವವರೇ. ನಾನು ಕೊಟ್ಟ ನೀರನ್ನು ಅದಕ್ಕೆ ಕುಡಿಸುವಾಗ ಆ ಹುಡುಗಿ ಅಳುತ್ತಿದ್ದಳು.

ಮೈಸೂರಿನವರಿಗೆ ಆ ಊರಿನಲ್ಲಿ ನೆಂಟಸ್ತಿಕೆಯ ಗುರುತುಗಳು ಅಲ್ಲಲ್ಲಿ ಸಿಗುತ್ತವೆ. ನಮ್ಮ ಮಹಾರಾಜರ ಬೇಸಿಗೆಯ ಅರಮನೆ ಫರ್ನ್‌ಹಿಲ್. 1830ರ ಸಂತ ಸ್ಟೀಫನ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಹೋದವು. ಅಮ್ಮನಿಗೆ ಚರ್ಚಿನ ಒಳಗಿನ ತೊಲೆ ನೋಡುವ ಆಸೆಯಿತ್ತು, ನೋಡಿದರು. ಹೊರಬರುವಷ್ಟರಲ್ಲಿ ಕೆಂಪನ ಸುತ್ತ ಊಟಿಯ ಬೀದಿನಾಯಿಗಳು ನೆರೆದಿದ್ದವು. ಚಳಿಗೆ ದಟ್ಟ ರೋಮ ಬೆಳೆಸಿಕೊಂಡ ಗಟ್ಟಿಮುಟ್ಟು ನಾಯಿಗಳು. ಅದು ಅವುಗಳ ಬೀದಿ. ಹಗ್ಗ ಸಡಿಲ ಬಿಟ್ಟು, ಅಡ್ಡಕ್ಕೆ ತಿರುಗಿ, ಅವಸರವಿಲ್ಲದೆ ನನ್ನ ಗಂಡ ಕೆಂಪನನ್ನು ಆಚೆ ನಡೆಸಿಕೊಂಡು ಹೋದರು. ಅವು ಗಡಿಯವರೆಗೆ ಬಂದು ನಿಂತವು. ಹಲವು ನಾಯಿಗಳ ಒಂದು ಕಿವಿಯ ತುದಿ ಕತ್ತರಿಸಿತ್ತು. ಸಂತಾನಹರಣ ಚಿಕಿತ್ಸೆ ಆಗಿದೆ, ರೇಬಿಸ್ ಲಸಿಕೆ ಹಾಕಿದೆ ಎಂಬುದರ ಗುರುತು ಅದು. ಯಾರೋ ಆ ನಾಯಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು ಎಂಬುದೇ ನನಗೆ ಸಮಾಧಾನ ತಂದಿತು.

ಚಹಾತೋಟದ ದಾರಿಯಲ್ಲಿ ಒಂದು ಬೆಳಿಗ್ಗೆ ಕಾಟಿ ಎದುರಾಯಿತು. ಮಂಜಿನೊಳಗಿಂದ ಮೊದಲು ಬಿಳಿಯ ಗಂಬೂಟು ತೊಟ್ಟಂಥ ಕಾಲುಗಳು, ಆಮೇಲೆ ಕರಿಯ ಭುಜ. ಕೆಂಪ ಒಂದೇ ಸಲ ಬೊಗಳಿದ. ಅಮ್ಮ ಬಗ್ಗಿ ಅವನ ಮೂತಿಯನ್ನು ಅಂಗೈಯಲ್ಲಿ ಹಿಡಿದು ತೊಡೆಗೆ ಒತ್ತಿಕೊಂಡರು. ನಾವು ಬೆನ್ನು ತೋರಿಸದೆ ಹಿಂದಕ್ಕೆ ಸರಿದೆವು. ಅದು ತನ್ನ ದಾರಿ ಹಿಡಿಯಿತು. ಬಿಟ್ಟ ನಾಯಿ ಬೊಗಳುತ್ತ ಬೆನ್ನಟ್ಟಿ, ಹೆದರಿದೊಡನೆ ಒಡೆಯನ ಬಳಿಗೇ ಓಡಿಬರುತ್ತದೆ, ಕಾಟಿ ಅದರ ಹಿಂದೆಯೇ ಬರುತ್ತದೆ ಎಂದು ತೋಟದ ಕೆಲಸದವರು ಆಮೇಲೆ ವಿವರಿಸಿದರು.

ಹಿಂದಿರುಗುವ ಮುನ್ನ ಕೂನೂರಿಗೆ ಹೋದೆವು. ಸಿಮ್ಸ್ ಪಾರ್ಕಿನ ಎದುರಿಗೆ ಪಾಶ್ಚರ್ ಸಂಸ್ಥೆಯ ಕೆಂಪು ಕಟ್ಟಡ. ಅದರ ಮುಂದೆ ಅಮ್ಮ ಬಹಳ ಹೊತ್ತು ನಿಂತರು. ಅವರ ಬಾಲ್ಯದಲ್ಲಿ ಹುಚ್ಚುನಾಯಿ ಕಡಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್. ಹಳೆ ಮೈಸೂರಿನ ಮಕ್ಕಳೆಲ್ಲ ಆ ಸಂಖ್ಯೆ ಕೇಳಿಯೇ ಬೆಳೆದವರು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ ದಕ್ಷಿಣಕ್ಕೆ ಬರುತ್ತಿದ್ದುದು ಕೂನೂರಿನಿಂದಲೇ. ಈ ಸಂಸ್ಥೆಯ ಹಿಂದೆ ಒಂದು ಸಾವಿದೆ. 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಷ್ ಎಂಬ ಇಂಗ್ಲಿಷ್ ತರುಣಿ ರೇಬಿಸ್‌ನಿಂದ ತೀರಿಕೊಂಡಳು. ಆಗ ಚಿಕಿತ್ಸೆಯಿದ್ದುದು ದೂರದ ಉತ್ತರದ ಕಸೌಲಿಯಲ್ಲಿ. ದಕ್ಷಿಣದಲ್ಲಿ ಏನೂ ಇರಲಿಲ್ಲ. ಆ ಸಾವಿನ ನಂತರ ಎದ್ದ ಕೂಗಿನಿಂದ, ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಕೊಟ್ಟ ಹಣದಿಂದ, 1907ರಲ್ಲಿ ಈ ಸಂಸ್ಥೆ ಶುರುವಾಯಿತು. ಇಂದು ನಾಯಿ ಕಡಿದರೆ ತೋಳಿಗೆ ನಾಲ್ಕೈದು ಸಲ ಚುಚ್ಚಿದರೆ ಮುಗಿಯಿತು. ಆದರೂ ಪ್ರಪಂಚದ ರೇಬಿಸ್ ಸಾವುಗಳಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು ಪಾಲು ನಮ್ಮ ದೇಶದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮ್ಮ ತಮ್ಮ ಓರಗೆಯ ಹುಡುಗನೊಬ್ಬನ ಕತೆ ಹೇಳಿದರು. ಊರಿನಿಂದ ಮೈಸೂರಿಗೆ ಕರೆತರುವಷ್ಟರಲ್ಲಿ ತಡವಾಗಿತ್ತು. 'ನಾಯಿ ಸಾಕೋದು ಅಂದ್ರೆ ಬರೀ ಅನ್ನ ಹಾಕೋದಲ್ಲ ಕಣೇ' ಎಂದರು. ಅವರು ಜೀವಮಾನವಿಡೀ ಮನೆಯಲ್ಲಿ ಕಾದು ಕೂತಿದ್ದರ ಹಿಂದಿನ ತಿಳಿವಳಿಕೆಯನ್ನು ನಾನು ಅಲ್ಲಿ, ಆ ಕೆಂಪು ಕಟ್ಟಡದ ಮುಂದೆ, ಅವರ ಬಾಯಿಂದ ಮೊದಲ ಸಲ ಕೇಳಿದೆ.

ರೂಬಿ ಮುಂದಿನ ಬೇಸಿಗೆ ನೋಡಲಿಲ್ಲ. ಚಳಿಗಾಲದ ಕೊನೆಗೆ, ನಿದ್ದೆಯಲ್ಲೇ ಹೋದಳು. ಅವಳನ್ನು ನೆನೆದಾಗಲೆಲ್ಲ ಬಚ್ಚಲುಮನೆಯ ನೆಲಕ್ಕಿಂತ ಮೊದಲು ವೆನ್‌ಲಾಕ್ ಡೌನ್ಸಿನ ಹುಲ್ಲು ಕಣ್ಣಿಗೆ ಬರುತ್ತದೆ. ಅಷ್ಟು ಸುಖ ಅವಳಿಗೆ ಕೊಡಲಾಯಿತಲ್ಲ ಎಂಬ ಕೃತಜ್ಞತೆ ದುಃಖವನ್ನು ಹಗುರ ಮಾಡಿದೆ. ಕೆಂಪ ಬಹಳ ವರ್ಷ ಬದುಕಿದ. ಅವನನ್ನು ಮತ್ತೆ ಬೆಟ್ಟಕ್ಕೆ ಕರೆದೊಯ್ಯಲಿಲ್ಲ; ಅವನಿಗೆ ಹಿತವಾಗಿದ್ದುದು ಮೈಸೂರಿನ ಬಿಸಿಲು, ಕುಕ್ಕರಹಳ್ಳಿ ಕೆರೆಯ ಏರಿ.

ನಾಯಿ ಕರೆದುಕೊಂಡು ಊಟಿಗೆ ಹೋಗಬಹುದಾ ಎಂದು ಈಗಲೂ ಪರಿಚಿತರು ಕೇಳುತ್ತಾರೆ. ವಸತಿಗೃಹಗಳು ಮೊದಲಿಗಿಂತ ಹೆಚ್ಚು ಸಿಗುತ್ತವೆ. 2024ರಿಂದ ಗಾಡಿಗೆ ಇ-ಪಾಸ್ ಬೇಕು, ಪ್ಲಾಸ್ಟಿಕ್ ಬಾಟಲಿ ಒಯ್ಯುವಂತಿಲ್ಲ, ಅವನ್ನೆಲ್ಲ ಹೇಳುತ್ತೇನೆ. ಆಮೇಲೆ ಕೇಳುತ್ತೇನೆ: ನಿಮ್ಮ ನಾಯಿಗೆ ವಯಸ್ಸೆಷ್ಟು, ಕೂದಲು ಎಂಥದ್ದು, ಲಸಿಕೆ ಯಾವಾಗ ಹಾಕಿಸಿದ್ದೀರಿ, ಘಾಟಿಯಲ್ಲಿ ಅದು ನಿಲ್ಲಿಸೆಂದಾಗ ನಿಲ್ಲಿಸುವಷ್ಟು ಬಿಡುವು ನಿಮಗಿದೆಯೇ? ಹೌದೆಂದರೆ ಖಂಡಿತ ಹೋಗಿ ಎನ್ನುತ್ತೇನೆ. ಆ ಬೆಟ್ಟ ಚಿರತೆಯದು, ಕಾಟಿಯದು, ಕಿವಿ ಕತ್ತರಿಸಿದ ಆ ಬೀದಿನಾಯಿಗಳದು, ಕೇತಿಯ ಅಕ್ಕನಂಥವರದು. ಅವರೆಲ್ಲರಿಗೂ ಕೇಡಾಗದಂತೆ ನಮ್ಮ ಪ್ರಾಣಿಗೊಂದು ಸುಖ ಕೊಟ್ಟು ಬರಲು ಸಾಧ್ಯವಿದೆ. ಅದಕ್ಕೆ ಬೇಕಾದದ್ದು ದುಡ್ಡಿಗಿಂತ ಹೆಚ್ಚಾಗಿ ಗಮನ, ಮತ್ತು ನಮ್ಮ ಪ್ರೀತಿ ನಮ್ಮ ಮನೆಯ ಹೊಸ್ತಿಲಲ್ಲೇ ನಿಲ್ಲಬಾರದೆಂಬ ಅರಿವು.